ಬಲಗಡೆ ಸ್ಟೀರಿಂಗಿನ ಕೇಟರ್‌ಹ್ಯಾಮ್ ಸೆವೆನ್: ಅಮೆರಿಕದಲ್ಲಿ ಇಟ್ಟುಕೊಂಡು ಓಡಿಸಬಹುದೇ?

ಪೀಚ್ ನಾಡಿನವ

ಎಲ್ಲರಿಗೂ ನಮಸ್ಕಾರ. ನಾನು ಅಟ್ಲಾಂಟಾದಲ್ಲಿ ಹದಿಮೂರು ವರ್ಷಗಳಿಂದ ಇದ್ದೇನೆ. ಇಂಗ್ಲೆಂಡಿನಲ್ಲಿ ಮಾರಾಟಕ್ಕಿರುವ ಒಂದು 1987ರ ಕೇಟರ್‌ಹ್ಯಾಮ್ ಸೂಪರ್ ಸೆವೆನ್, ಅಂದರೆ ಎರಡು ಸೀಟಿನ ತೆರೆದ ಹಗುರ ಕಾರು, ಎರಡು ತಿಂಗಳಿಂದ ನನ್ನ ನಿದ್ದೆಗೆಡಿಸಿದೆ. ಮೊದಲ ಮಾಲೀಕರು ಬಿಡಿಭಾಗಗಳ ಕಿಟ್ ತರಿಸಿಕೊಂಡು ಮನೆಯ ಗ್ಯಾರೇಜಿನಲ್ಲೇ ಜೋಡಿಸಿದ ಕಾರು. 1700 ಸಿಸಿಯ ಫೋರ್ಡ್ ಕ್ರಾಸ್‌ಫ್ಲೋ ಎಂಜಿನ್, ಎರಡು ವೆಬರ್ ಕಾರ್ಬುರೇಟರ್, 135 ಅಶ್ವಶಕ್ತಿ. ಸ್ಟೀರಿಂಗ್ ಮಾತ್ರ ಬಲಗಡೆ.

ಇಲ್ಲಿನ ಗೆಳೆಯರೆಲ್ಲ ಒಂದೇ ಮಾತು ಹೇಳುತ್ತಿದ್ದಾರೆ: ಎಡಗಡೆ ಸ್ಟೀರಿಂಗಿನದು ಸಿಗುವವರೆಗೆ ಕಾಯಿ. ಆದರೆ ನಾನು ಕಾರು ಕಲಿತದ್ದು ಮೈಸೂರಿನಲ್ಲಿ, ಅಪ್ಪನ ಮಾರುತಿ 800ರಲ್ಲಿ. ಎಡಗೈಯಲ್ಲಿ ಗೇರ್ ಬದಲಿಸುವುದು ನನಗೆ ಹೊಸದಲ್ಲ. ನನ್ನ ಪ್ರಶ್ನೆಗಳು ಇಷ್ಟೇ. ಇದು ಕಾನೂನಿಗೆ ಒಪ್ಪಿಗೆಯೇ? ಎರಡು ಪಥದ ರಸ್ತೆಯಲ್ಲಿ ಮುಂದಿನ ವಾಹನವನ್ನು ದಾಟುವುದು ಹೇಗೆ? ಸ್ಟೀರಿಂಗನ್ನು ಎಡಕ್ಕೆ ಬದಲಿಸಿಕೊಳ್ಳಬಹುದೇ? ಓಡಿಸಿದ ಅನುಭವ ಇರುವವರು ದಯವಿಟ್ಟು ಬರೆಯಿರಿ.

ನೀಲಿಬೆಟ್ಟ

ನಾನು ಉತ್ತರ ಕೆರೊಲಿನಾದ ಆ್ಯಶ್‌ವಿಲ್ ಹತ್ತಿರ ಇದ್ದೇನೆ. ನೀವು ಹೇಳಿದಂಥದ್ದೇ ಕಾರು, ಅದೇ ಎಂಜಿನ್, ಬಲಗಡೆಯದೇ ಸ್ಟೀರಿಂಗ್. ಒಂಬತ್ತು ವರ್ಷಗಳಿಂದ ನನ್ನ ಬಳಿ ಇದೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಾನೂನಿನ ವಿಷಯ ಮೊದಲು ಮುಗಿಸೋಣ. ಬಲಗಡೆ ಸ್ಟೀರಿಂಗ್ ಇದೆ ಎಂಬ ಒಂದೇ ಕಾರಣಕ್ಕೆ ಕಾರನ್ನು ರಸ್ತೆಯಿಂದ ದೂರ ಇಡುವ ರಾಜ್ಯ ಅಮೆರಿಕದಲ್ಲಿ ಇಲ್ಲ. ನಿಮ್ಮ ಬೀದಿಗೆ ಕಾಗದ ತರುವ ಅಂಚೆಯ ಬಿಳಿ ಗಾಡಿಯನ್ನೇ ನೋಡಿ. ಗ್ರಮ್ಮನ್ ಕಂಪನಿ 1987ರಿಂದ 1994ರವರೆಗೆ ತಯಾರಿಸಿದ ಆ ಗಾಡಿಗಳ ಚಾಲಕ ಬಲಗಡೆಯೇ ಕೂರುತ್ತಾನೆ. ಕೆಳಗಿಳಿಯದೆ ಕೈಚಾಚಿ ಪೆಟ್ಟಿಗೆಗೆ ಕಾಗದ ಹಾಕುತ್ತಾನೆ. ತಡೆಯಾಗುವುದು ಕಾರಿನ ವಯಸ್ಸು. ಅಮೆರಿಕದ ಸುರಕ್ಷತಾ ಮಾನದಂಡಗಳಿಗೆ ತಕ್ಕಂತೆ ತಯಾರಾಗದ ಕಾರು ಒಳಗೆ ಬರಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು, ಅದೂ ತಯಾರಾದ ತಿಂಗಳಿನಿಂದ ಲೆಕ್ಕ. ಹೊಗೆಯ ನಿಯಮಕ್ಕೆ 21 ವರ್ಷ ಸಾಕು, ಎಂಜಿನ್ ಮೂಲದ್ದೇ ಆಗಿರಬೇಕು. 1987ರ ಕಾರು ಎರಡನ್ನೂ ದಾಟಿದೆ. ಬಂದರಿನಲ್ಲಿ ಎಚ್‌ಎಸ್-7 ಮತ್ತು 3520-1 ಎಂಬ ಎರಡು ನಮೂನೆಗಳನ್ನು ತುಂಬಬೇಕು. ಕಾರಿನ ವಯಸ್ಸನ್ನು ತೋರಿಸುವ ಕಾಗದ ಕೈಯಲ್ಲಿರಲಿ: ಬ್ರಿಟನ್ನಿನ ನೋಂದಣಿ ಪತ್ರ, ಕಿಟ್ ಕೊಂಡ ರಸೀದಿ, ಚಾಸಿ ಸಂಖ್ಯೆಯ ಫಲಕದ ಚಿತ್ರ.

ಒಂದು ಕಡೆ ನಾನು ಎಡವಿದ್ದೆ. 1981ರಿಂದ ಈಚೆಗೆ ಅಮೆರಿಕದ ಕಾರುಗಳಿಗೆ 17 ಅಕ್ಷರಗಳ ಗುರುತು ಸಂಖ್ಯೆ ಇರುತ್ತದೆ. ನನ್ನ ಕಿಟ್‌ನ ಚಾಸಿ ಸಂಖ್ಯೆ ಅದಕ್ಕಿಂತ ಗಿಡ್ಡ. ನೋಂದಣಿ ಕಚೇರಿಯ ಗಣಕಯಂತ್ರ ಅದನ್ನು ಒಪ್ಪಲೇ ಇಲ್ಲ. ಮೂರು ಸಲ ಅಲೆದ ಮೇಲೆ ಹಿರಿಯ ಸಿಬ್ಬಂದಿಯೊಬ್ಬರು ಹೊರಗೆ ಬಂದು, ಮಂಡಿಯೂರಿ ಫಲಕವನ್ನು ಓದಿ, ಬೇರೆ ದಾರಿಯಲ್ಲಿ ದಾಖಲಿಸಿಕೊಟ್ಟರು. ನೀವು ಕಾರು ಹಡಗು ಹತ್ತುವ ಮೊದಲೇ ನಿಮ್ಮ ಕೌಂಟಿಯ ಕಚೇರಿಗೆ ಹೋಗಿ ಈ ಒಂದು ಪ್ರಶ್ನೆ ಕೇಳಿಬಿಡಿ.

ಇನ್ನು ಓಡಿಸುವ ವಿಷಯ. ನೀವು ಮೈಸೂರಿನಲ್ಲಿ ಕಲಿತಿದ್ದೀರಿ, ನಾನು ಶಿವಮೊಗ್ಗದಲ್ಲಿ. ಎಡಗೈ ಗೇರ್ ಅರ್ಧ ಗಂಟೆಯಲ್ಲಿ ಮೈಗೆ ಬಂದುಬಿಡುತ್ತದೆ, ಅದರಲ್ಲಿ ಸಂಶಯವೇ ಬೇಡ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಎಲ್ಲ ದೇಶಗಳಲ್ಲೂ ಅದೇ ಕ್ರಮದಲ್ಲಿ ಇರುತ್ತವೆ. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುವ ತೊಂದರೆಯೂ ನನ್ನ ಕಾರಿನಲ್ಲಿ ಇಲ್ಲ, ಏಕೆಂದರೆ ಇಂಡಿಕೇಟರ್ ಡ್ಯಾಶ್‌ಬೋರ್ಡಿನ ಮೇಲಿನ ಒಂದು ಸಣ್ಣ ಸ್ವಿಚ್ಚು. ತಿರುವಾದ ಮೇಲೆ ಅದು ತಾನಾಗಿ ಆರುವುದಿಲ್ಲ, ಅದನ್ನು ಮರೆಯಬಾರದು ಅಷ್ಟೇ.

ಅಪಾಯ ಬೇರೆ ಕಡೆ ಇದೆ. ಹದಿಮೂರು ವರ್ಷ ಎಡಗಡೆ ಕೂತು ಓಡಿಸಿದ ನಿಮ್ಮ ಮೈ, ಪಥದ ಎಡಭಾಗದಲ್ಲಿ, ರಸ್ತೆಯ ನಡುವಿನ ಹಳದಿ ಗೆರೆಯ ಹತ್ತಿರ, ತಾನಿರಬೇಕು ಎಂದುಕೊಂಡಿರುತ್ತದೆ. ಬಲಗಡೆಯ ಸೀಟಿನಲ್ಲಿ ಕೂತಾಗಲೂ ಅದು ಅದೇ ಜಾಗವನ್ನು ಹುಡುಕುತ್ತದೆ. ಆಗ ಕಾರಿನ ಎಡಚಕ್ರಗಳು ಗೆರೆ ದಾಟಿ ಎದುರಿನ ಪಥಕ್ಕೆ ಹೋಗಿರುತ್ತವೆ, ನಿಮಗೆ ಗೊತ್ತೇ ಆಗುವುದಿಲ್ಲ. ಮೊದಲ ವಾರ ನಾನು ಎರಡು ಸಲ ಹೀಗೆ ಮಾಡಿದೆ. ಎರಡನೆಯ ಸಲ ಎದುರಿಗೆ ಬಂದ ಪಿಕಪ್ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಯಿತು. ಮನೆಗೆ ಬಂದು ಬಹಳ ಹೊತ್ತು ಗ್ಯಾರೇಜಿನಲ್ಲೇ ಕೂತಿದ್ದೆ.

ಮರುದಿನ, ಶನಿವಾರ, ಹತ್ತಿರದ ಶಾಲೆಯ ಖಾಲಿ ವಾಹನ ನಿಲ್ದಾಣಕ್ಕೆ ಹೋದೆ. ಗೆರೆಗಳ ನಡುವೆ ಕಾರನ್ನು ನೇರವಾಗಿ ನಿಲ್ಲಿಸಿ, ಬಲಗಡೆಯ ಗೆರೆ ಬಾನೆಟ್ಟಿನ ಯಾವ ಜಾಗದಲ್ಲಿ ಕಾಣುತ್ತದೆ ಎಂದು ನೋಡಿ, ಗಾಜಿನ ಮೇಲೆ ಸಣ್ಣ ಅಂಟುಪಟ್ಟಿ ಹಚ್ಚಿದೆ. ಎರಡು ತಿಂಗಳು ಆ ಪಟ್ಟಿ ಇತ್ತು. ಸೆವೆನ್‌ನಲ್ಲಿ ಒಂದು ಸೌಲಭ್ಯವಿದೆ: ಮುಂಚಕ್ರಗಳು ದೇಹದ ಹೊರಗೆ, ಕಣ್ಣೆದುರಿಗೇ ತಿರುಗುತ್ತಿರುತ್ತವೆ. ಎಡಚಕ್ರದ ಮಡ್‌ಗಾರ್ಡ್ ಗೆರೆಯ ಈಚೆಗಿದೆಯೇ ಎಂದು ಒಂದು ನೋಟದಲ್ಲಿ ತಿಳಿಯುತ್ತದೆ. ಮುಚ್ಚಿದ ಕಾರಿನಲ್ಲಿ ಇದು ಸಾಧ್ಯವಿಲ್ಲ.

ಇನ್ನೊಂದು ಲೆಕ್ಕವನ್ನೂ ಗಮನಿಸಿ. ಈ ಕಾರಿನ ಅಗಲ ಹೆಚ್ಚುಕಡಿಮೆ 1.58 ಮೀಟರ್. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತೇವೆ. ಎಡಸೀಟಿನಿಂದ ಬಲಸೀಟಿಗೆ ನೀವು ಸರಿಯುವುದು ಸುಮಾರು ಅರ್ಧ ಮೀಟರ್ ಮಾತ್ರ. ಇಲ್ಲಿನ ಹೆದ್ದಾರಿಯ ಪಥ 12 ಅಡಿ, ಅಂದರೆ 3.66 ಮೀಟರ್. ಎರಡು ಮೀಟರ್ ಜಾಗ ಉಳಿಯುತ್ತದೆ. ಕನ್ನಡಿಗಳನ್ನು ಬಿಟ್ಟೇ ಎರಡು ಮೀಟರ್ ಅಗಲವಿರುವ ಫೋರ್ಡ್ ಎಫ್-150ರಲ್ಲಿ ಬಲಗಡೆ ಸ್ಟೀರಿಂಗ್ ಇದ್ದಿದ್ದರೆ ನಾನೇ ಬೇಡ ಎನ್ನುತ್ತಿದ್ದೆ. ಸೆವೆನ್‌ನಲ್ಲಿ ಅದು ಅಷ್ಟು ದೊಡ್ಡ ಮಾತಲ್ಲ.

ದಾಟುವ ಬಗ್ಗೆ ನಾಳೆ ಬರೆಯುತ್ತೇನೆ, ಅದಕ್ಕೆ ಸಮಯ ಬೇಕು.

ಸ್ಪ್ಯಾನರ್ ಪೆಟ್ಟಿಗೆ

ನಾನು ಒಪ್ಪುವುದಿಲ್ಲ, ಕ್ಷಮಿಸಿ. ನಾನು ಮ್ಯಾಸಚೂಸೆಟ್ಸ್‌ನಲ್ಲಿ ಫ್ಯಾಕ್ಟರಿ ಫೈವ್ ಕಂಪನಿಯ ಕಿಟ್ ತರಿಸಿ ಹದಿನೆಂಟು ತಿಂಗಳು ಕೂತು ಒಂದು ರೋಡ್‌ಸ್ಟರ್ ಕಟ್ಟಿದ್ದೇನೆ. ಎಡಗಡೆ ಸ್ಟೀರಿಂಗ್. ಕಿಟ್ ಕಾರಿನಲ್ಲಿ ಮೊದಲೇ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಸುತ್ತಲಿನ ಚಾಲಕರಿಗೆ ನೀವು ಕಾಣುವುದೇ ಇಲ್ಲ. ಸೆವೆನ್‌ನಲ್ಲಿ ಕೂತರೆ ನಿಮ್ಮ ಕಣ್ಣು ದೊಡ್ಡ ಲಾರಿಯ ಚಕ್ರದ ಎತ್ತರಕ್ಕೆ ಬರುತ್ತದೆ. ಇಷ್ಟೆಲ್ಲ ಇರುವಾಗ, ನಿಮ್ಮ ಕಡೆಯಿಂದ ರಸ್ತೆ ಕಾಣುವುದನ್ನೂ ಏಕೆ ಕಡಿಮೆ ಮಾಡಿಕೊಳ್ಳಬೇಕು? ಬೆಲೆ ಕಡಿಮೆ ಎಂಬ ಕಾರಣಕ್ಕೆ ಬಲಗಡೆಯದನ್ನು ತೆಗೆದುಕೊಂಡವರನ್ನು ಬಲ್ಲೆ, ಎರಡು ವರ್ಷದಲ್ಲಿ ಮಾರಿದರು. ಬಲಗಡೆಯದು ಎಂಬ ಕಾರಣಕ್ಕೇ ಮಾರುವಾಗಲೂ ಬೆಲೆ ಬರಲಿಲ್ಲ.

ಎಡಗಡೆಯದು ಸಿಗುವುದೇ ಇಲ್ಲ ಎಂದೇನೂ ಇಲ್ಲ. ಕೇಟರ್‌ಹ್ಯಾಮ್ ಅಮೆರಿಕಕ್ಕೂ ಕಿಟ್ ಕಳುಹಿಸುತ್ತದೆ, ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಬೇರೆಯಾಗಿ ಕೊಳ್ಳಬೇಕು. ಹೊಸದಾಗಿ ಕಟ್ಟುವ ಸಂತೋಷವೂ ಸಿಗುತ್ತದೆ.

ಪಡುವಣ ಕರಾವಳಿ

ಪೀಚ್ ನಾಡಿನವರಿಗೆ ಇದು ಅನ್ವಯಿಸದಿರಬಹುದು. ಆದರೆ ಇದನ್ನು ಓದುವ ಕ್ಯಾಲಿಫೋರ್ನಿಯಾದವರಿಗೆ ಒಂದು ಎಚ್ಚರಿಕೆ. ಕೇಂದ್ರದ 25 ವರ್ಷದ ನಿಯಮ ನಮ್ಮಲ್ಲಿ ಸಾಲದು. 1975 ಮತ್ತು ಅದಕ್ಕೂ ಹಿಂದಿನ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. 1987ರ ಹೊರದೇಶದ ಕಾರನ್ನು ಹಾಗೆಯೇ ತಂದು ನೋಂದಾಯಿಸುತ್ತೇನೆ ಎಂದರೆ ಬಾಗಿಲು ಮುಚ್ಚಿರುತ್ತದೆ. ಮನೆಯಲ್ಲಿ ಕಟ್ಟಿದ ಕಿಟ್ ಕಾರುಗಳಿಗೆ ಬೇರೆ ದಾರಿ ಇದೆ, ಎಸ್‌ಬಿ 100 ಎಂಬ 2001ರ ಕಾಯ್ದೆ. ವರ್ಷಕ್ಕೆ ಮೊದಲ 500 ವಾಹನಗಳಿಗೆ ಮಾತ್ರ ಆ ಸೌಲಭ್ಯ. ನಾನು ನನ್ನ ಕಿಟ್ ಅನ್ನು ಆ ದಾರಿಯಲ್ಲೇ ನೋಂದಾಯಿಸಿದೆ. ಕಾಗದಗಳನ್ನು ಒಂದು ಕಡತದಲ್ಲಿ ಇಟ್ಟುಕೊಂಡು, ಪ್ರತಿ ಬಿಡಿಭಾಗದ ರಸೀದಿಯನ್ನೂ ಜೋಡಿಸಿಟ್ಟಿದ್ದರಿಂದ ಕೆಲಸವಾಯಿತು.

ನೀಲಿಬೆಟ್ಟ

ಸ್ಪ್ಯಾನರ್ ಪೆಟ್ಟಿಗೆಯವರ ಕಾಳಜಿ ನ್ಯಾಯವಾದದ್ದು. ಹೊಸದಾಗಿ ಕಟ್ಟುವ ಆಸೆ ಇರುವವರು ಎಡಗಡೆಯದನ್ನೇ ತರಿಸಿಕೊಳ್ಳಲಿ. ಆದರೆ ಪೀಚ್ ನಾಡಿನವರು ಕೇಳುತ್ತಿರುವುದು ಹಳೆಯ ಕ್ರಾಸ್‌ಫ್ಲೋ ಕಾರು, ಒಬ್ಬರು ತಮ್ಮ ಗ್ಯಾರೇಜಿನಲ್ಲಿ ಕೈಯಾರೆ ಜೋಡಿಸಿದ್ದು. ಅಂಥವು ಹೆಚ್ಚಾಗಿ ಇರುವುದು ಬ್ರಿಟನ್ನಿನಲ್ಲೇ, ಹಾಗಾಗಿ ಬಲಗಡೆಯವೇ. ಅದಕ್ಕೆ ಚರಿತ್ರೆ ಇದೆ. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 1957ರಲ್ಲಿ ಸೆವೆನ್ ಹೊರತಂದಾಗ, ಬ್ರಿಟನ್ನಿನಲ್ಲಿ ಪೂರ್ತಿ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್‌ಗೆ ಇರಲಿಲ್ಲ. ಕಡಿಮೆ ಸಂಬಳದ ಹುಡುಗರೂ ರೇಸಿನ ಕಾರು ಕಟ್ಟಿಕೊಂಡದ್ದು ಆ ದಾರಿಯಲ್ಲಿ. 1973ರಲ್ಲಿ ಆ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಕಿಟ್‌ನ ಲಾಭ ಇಲ್ಲವಾಯಿತು. ಅದೇ ವರ್ಷ ಕೇಟರ್‌ಹ್ಯಾಮ್ ಸೆವೆನ್‌ನ ಹಕ್ಕುಗಳನ್ನು ಪಡೆಯಿತು. ತೆರಿಗೆಯ ಕಾರಣ ಹೋದ ಮೇಲೂ ಜನ ಕಿಟ್ ತರಿಸಿ ಕಟ್ಟುವುದನ್ನು ಬಿಡಲಿಲ್ಲ. ನನ್ನ ಕಾರಿನ ಜೊತೆ ಬಂದ ನೋಟುಪುಸ್ತಕದಲ್ಲಿ ಕಟ್ಟಿದವರು ಪ್ರತಿ ಸಂಜೆ ಮಾಡಿದ ಕೆಲಸವನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಒಂದು ಪುಟದಲ್ಲಿ ಬರೀ "ಮಳೆ, ವೈರಿಂಗ್" ಎಂದಿದೆ. ನನಗೆ ಆ ಪುಸ್ತಕ ಕಾರಿನಷ್ಟೇ ಮುಖ್ಯ.

ಸ್ಟೀರಿಂಗ್ ಬದಲಿಸುವ ಮಾತು: ಬೇಡ. ಪೆಡಲ್‌ಗಳ ಪೆಟ್ಟಿಗೆ, ಸ್ಟೀರಿಂಗ್ ಕಂಬ ಹಾದುಹೋಗುವ ಜಾಗ, ಬ್ರೇಕ್ ಕೊಳವೆಗಳು, ಡ್ಯಾಶ್‌ಬೋರ್ಡ್ ಎಲ್ಲವನ್ನೂ ಎತ್ತಿ ಇನ್ನೊಂದು ಬದಿಗೆ ಇಡಬೇಕು. ಮೇಲಾಗಿ ಕ್ರಾಸ್‌ಫ್ಲೋ ಎಂಜಿನ್‌ನಲ್ಲಿ ಕಾರ್ಬುರೇಟರ್ ಬಲಕ್ಕೆ, ಹೊಗೆಕೊಳವೆ ಎಡಕ್ಕೆ. ಸ್ಟೀರಿಂಗ್ ಕಂಬವನ್ನು ಎಡಕ್ಕೆ ತಂದರೆ ಅದು ಕೆಂಪಗೆ ಕಾಯುವ ಕೊಳವೆಗಳ ಪಕ್ಕದಲ್ಲೇ ಹಾಯಬೇಕು. ಕೌಶಲವಿರುವವರು ಮಾಡಿಯಾರು. ಆದರೆ ಉಕ್ಕಿನ ಕೊಳವೆಗಳ ಚೌಕಟ್ಟನ್ನು ಕತ್ತರಿಸಿ ಬೆಸುಗೆ ಹಾಕಿದ ಕಾರಿನಲ್ಲಿ ನಾನು ನನ್ನ ಹೆಂಡತಿಯನ್ನು ಕೂರಿಸಲಾರೆ.

ಈಗ ದಾಟುವ ವಿಷಯ. ಎರಡು ಪಥದ ರಸ್ತೆಯಲ್ಲಿ ಲಾರಿಯ ಹಿಂದೆ ಇದ್ದರೆ ನಿಮಗೆ ಎದುರಿನ ಪಥ ಕಾಣುವುದಿಲ್ಲ. ಇಣುಕಿ ನೋಡಬೇಕೆಂದರೆ ಕಾರಿನ ಮುಕ್ಕಾಲು ಭಾಗವನ್ನು ಎದುರಿನ ಪಥಕ್ಕೆ ಒಡ್ಡಬೇಕಾಗುತ್ತದೆ. ಅದನ್ನು ಎಂದಿಗೂ ಮಾಡಬೇಡಿ. ನಾನು ಮಾಡುವುದು ಹೀಗೆ: ಬಹಳ ಹಿಂದೆ ಉಳಿಯುತ್ತೇನೆ, ನಾಲ್ಕು-ಐದು ಸೆಕೆಂಡಿನಷ್ಟು ಅಂತರ. ದೂರ ಹೆಚ್ಚಾದಷ್ಟೂ ಲಾರಿ ಮರೆಮಾಡುವ ರಸ್ತೆ ಕಡಿಮೆ. ರಸ್ತೆ ಬಲಕ್ಕೆ ಬಾಗುವಾಗ ಲಾರಿಯ ಬಲಬದಿಯಿಂದ ಮುಂದಿನ ನೇರ ಹಾದಿ ಬಿಚ್ಚಿಕೊಳ್ಳುತ್ತದೆ. ಎಡಗಡೆ ಕೂತವರಿಗಿಂತ ಅದು ನನಗೇ ಚೆನ್ನಾಗಿ ಕಾಣುತ್ತದೆ. ಆ ನೋಟ ಸಿಕ್ಕು, ಮುಂದೆ ಚುಕ್ಕಿಗೆರೆಯೂ ಇದ್ದು, ಪಕ್ಕದ ಸೀಟಿನಲ್ಲಿ ಹೆಂಡತಿಯೂ ಇದ್ದು ಅವಳು "ಖಾಲಿ" ಎಂದರೆ ಮಾತ್ರ ಹೊರಬರುತ್ತೇನೆ. ಒಬ್ಬನೇ ಇದ್ದರೆ ದಾಟುವುದೇ ಇಲ್ಲ. ಇಂಥ ಹಗುರ ಕಾರಿಗೆ ಅಷ್ಟು ತಾಳ್ಮೆ ಏಕೆ ಎನಿಸಬಹುದು. ನನಗೆ ಆ ತಾಳ್ಮೆ ಬಂದದ್ದೇ ಈ ಕಾರಿನಿಂದ.

ಎಡಕ್ಕೆ ತಿರುಗುವಾಗಲೂ ಇದೇ ತೊಡಕು. ಹಸಿರು ಬಾಣವಿಲ್ಲದ ಕೂಡುರಸ್ತೆಯಲ್ಲಿ ಎದುರಿಗೂ ಒಂದು ದೊಡ್ಡ ವಾಹನ ಎಡಕ್ಕೆ ತಿರುಗಲು ನಿಂತಿದ್ದರೆ ಅದರ ಹಿಂದಿನಿಂದ ಬರುವುದು ನಿಮಗೆ ಕಾಣುವುದಿಲ್ಲ. ನಾನು ಮುಂದೆ ಹೋಗಿ ಮೂರು ಬಲತಿರುವು ಮಾಡಿ ಬರುತ್ತೇನೆ.

ಎಡಸೀಟಿನವಳು

ನೀಲಿಬೆಟ್ಟದವರು "ಖಾಲಿ" ಎನ್ನುವ ಹೆಂಡತಿ ಎಂದು ಬರೆದರಲ್ಲ, ಅದು ನಾನೇ. ನನ್ನ ಕಡೆಯ ಮಾತನ್ನೂ ಹೇಳಬೇಕು.

ಮೊದಲ ವರ್ಷ ನನಗೆ ಈ ಸೀಟು ಭಯ ಹುಟ್ಟಿಸುತ್ತಿತ್ತು. ಇಪ್ಪತ್ತು ವರ್ಷ ನಾನೇ ಕಾರು ಓಡಿಸಿದ ಜಾಗದಲ್ಲಿ ಕೂತಿದ್ದೇನೆ, ಎದುರಿನಿಂದ ವಾಹನ ಬರುತ್ತಿದೆ, ಕೈಯಲ್ಲಿ ಸ್ಟೀರಿಂಗ್ ಇಲ್ಲ, ಕಾಲಡಿ ಬ್ರೇಕ್ ಇಲ್ಲ. ಕಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಆಮೇಲೆ ನಾವಿಬ್ಬರೂ ಮಾತುಗಳನ್ನು ಗೊತ್ತುಮಾಡಿಕೊಂಡೆವು. "ಖಾಲಿ" ಎಂದರೆ ಎದುರು ಏನೂ ಇಲ್ಲ. "ಬೇಡ" ಎಂದರೆ ಬೇಡ, ಕಾರಣ ಕೇಳುವಂತಿಲ್ಲ. "ಬಹುಶಃ", "ನೋಡೋಣ" ಎಂಬ ಪದಗಳಿಗೆ ಈ ಕಾರಿನಲ್ಲಿ ಜಾಗವಿಲ್ಲ. ಪೀಚ್ ನಾಡಿನವರೇ, ನಿಮ್ಮ ಮನೆಯವರನ್ನು ಮೊದಲೇ ಕೇಳಿ. ಅವರಿಗೆ ಇಷ್ಟವಿಲ್ಲದೆ ಈ ಕೆಲಸ ಆಗುವುದಿಲ್ಲ.

ಹೊಗೆಕೊಳವೆ ಎಡಕ್ಕೆ ಎಂದರಲ್ಲ, ಅದು ನಾನು ಹತ್ತುವ ಕಡೆ. ಕಾರಿನ ಬದಿಯಲ್ಲೇ ಉದ್ದಕ್ಕೂ ಹಾದುಹೋಗುತ್ತದೆ. ಸೀರೆ, ಚೂಡಿದಾರ್ ಎರಡೂ ಆಗುವುದಿಲ್ಲ. ದಪ್ಪ ಬಟ್ಟೆಯ ಪ್ಯಾಂಟ್ ಬೇಕು. ನನ್ನ ಮೀನಖಂಡದ ಮೇಲೆ ಎರಡಿಂಚಿನ ಗುರುತು ಇನ್ನೂ ಇದೆ. ಬ್ರಿಟನ್ನಿನಲ್ಲಿ ಆ ಬದಿ ಕಾಲುದಾರಿಯ ಕಡೆಗೆ ಬರುತ್ತದೆ, ಇಲ್ಲಿ ರಸ್ತೆಯ ಕಡೆಗೆ. ಬಿಸಿಕೊಳವೆಯನ್ನು ದಾಟಿ ಓಡಾಟದ ರಸ್ತೆಗೇ ಇಳಿಯಬೇಕು. ಹಾಗಾಗಿ ನಾವು ಬೀದಿಬದಿಯಲ್ಲಿ ನಿಲ್ಲಿಸುವುದೇ ಇಲ್ಲ.

ಒಮ್ಮೆ ಪೊಲೀಸ್ ಅಧಿಕಾರಿಯೊಬ್ಬರು ಪಕ್ಕಕ್ಕೆ ನಿಲ್ಲಿಸಿದರು. ನಾನು ಎಡಸೀಟಿನಲ್ಲಿ ತಲೆತಗ್ಗಿಸಿ ನಕ್ಷೆ ಓದುತ್ತಿದ್ದೆ. ಚಾಲಕಿ ರಸ್ತೆ ನೋಡದೆ ಓದುತ್ತಿದ್ದಾಳೆ ಎಂದು ಅವರಿಗೆ ಗಾಬರಿಯಾಗಿತ್ತು. ಹತ್ತಿರ ಬಂದು ನೋಡಿ, ಕಾರಿನ ಬಗ್ಗೆ ಕೇಳಿ, ಒಳ್ಳೆಯದಾಗಲಿ ಎಂದು ಹೇಳಿ ಹೋದರು. ಅವರ ಗಾಬರಿ ಸರಿಯಾದದ್ದೇ. ಅಂದಿನಿಂದ ನಾನು ಓದುವುದನ್ನು ಬಿಟ್ಟು ರಸ್ತೆಯನ್ನೇ ನೋಡುತ್ತೇನೆ.

ಸ್ಪ್ಯಾನರ್ ಪೆಟ್ಟಿಗೆ

"ಬೇಡ ಎಂದರೆ ಬೇಡ, ಕಾರಣ ಕೇಳುವಂತಿಲ್ಲ" ಎಂಬುದು ನನಗೆ ಬಹಳ ಹಿಡಿಸಿತು. ಇಷ್ಟು ಶಿಸ್ತಿನಿಂದ ಓಡಿಸುವವರ ಬಗ್ಗೆ ನನ್ನ ತಕರಾರಿಲ್ಲ. ಒಬ್ಬನೇ ಓಡಿಸುವವನಿಗೆ ಬೇಡ ಎಂಬ ಅಭಿಪ್ರಾಯ ಮಾತ್ರ ಹಾಗೆಯೇ ಇದೆ.

ರಾತ್ರಿಯ ದೀಪಗಳ ಬಗ್ಗೆ ಯಾರೂ ಹೇಳಲಿಲ್ಲ.

ನೀಲಿಬೆಟ್ಟ

ಒಳ್ಳೆಯ ಪ್ರಶ್ನೆ, ಇದನ್ನು ಮರೆತಿದ್ದೆ. ಬ್ರಿಟನ್ನಿನ ಹೆಡ್‌ಲೈಟಿನ ಬೆಳಕು ಎಡಗಡೆಗೆ ಮೇಲೇಳುತ್ತದೆ, ಅಲ್ಲಿನ ಕಾಲುದಾರಿಯನ್ನು ತೋರಿಸಲು. ಇಲ್ಲಿ ಅದೇ ಬೆಳಕು ಎದುರಿನವರ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ. ನನ್ನ ಕಾರಿನ ದೀಪಗಳು 7 ಇಂಚಿನ ದುಂಡನೆಯವು. ಅಮೆರಿಕದ ಕಾರುಗಳಲ್ಲಿ 1940ರಿಂದ ಬಳಕೆಯಲ್ಲಿದ್ದ ಅಳತೆ ಅದೇ ಆದ್ದರಿಂದ ಬದಲಿ ದೀಪ ಯಾವ ಅಂಗಡಿಯಲ್ಲೂ ಸಿಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ, ಬೆಳಕಿನ ಅಂಚು ಬಲಕ್ಕೆ ಏರುತ್ತಿದೆಯೇ ಎಂದು ನೋಡಿಕೊಳ್ಳಿ. ಕಾರು ಬಂದ ದಿನವೇ ಮಾಡಿ.

ಬಿಡಿಭಾಗಗಳ ಚಿಂತೆ ಬೇಡ. ಆ ಎಂಜಿನ್ ಫೋರ್ಡ್ ಕೆಂಟ್ ವಂಶದ್ದು. 1970ರ ದಶಕದ ಮೊದಲ ಪಿಂಟೊ ಕಾರುಗಳಲ್ಲಿ, 1978ರಿಂದ 1980ರವರೆಗೆ ಇಲ್ಲಿ ಮಾರಾಟವಾದ ಫಿಯೆಸ್ಟಾದಲ್ಲಿ ಇದ್ದದ್ದು ಅದರ 1600 ಸಿಸಿ ರೂಪ. ಫಾರ್ಮುಲಾ ಫೋರ್ಡ್ ರೇಸಿನವರು ಇಂದಿಗೂ ಓಡಿಸುತ್ತಾರೆ, ಹಾಗಾಗಿ ಈ ಎಂಜಿನ್ ಬಲ್ಲ ಮೆಕ್ಯಾನಿಕ್‌ಗಳು ಅಮೆರಿಕದಲ್ಲಿ ಇದ್ದಾರೆ. ಪೆಟ್ರೋಲಿನ ಕೊಳವೆಗಳನ್ನು ಮಾತ್ರ ತಕ್ಷಣ ಬದಲಿಸಿ. ಇಲ್ಲಿನ ಪೆಟ್ರೋಲಿನಲ್ಲಿ ಶೇಕಡಾ 10ರಷ್ಟು ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಅದಕ್ಕೆ ಕರಗಿ ಬಿರಿಯುತ್ತದೆ, ಬಿಸಿಕೊಳವೆಯಿರುವ ಎಂಜಿನ್ ಕೋಣೆಯಲ್ಲಿ ಅದು ಬೆಂಕಿಗೆ ದಾರಿ.

ಕೊಳ್ಳುವ ಮೊದಲು ಅಲ್ಲಿರುವ ಯಾರಿಂದಲಾದರೂ ಕಾರಿನ ಅಡಿಭಾಗ ನೋಡಿಸಿ. ಹಿಂದಿನ ಆಕ್ಸಲ್ ಇಡಿಯಾದ ಗಟ್ಟಿ ಆಕ್ಸಲ್ ಆಗಿದ್ದರೆ, ಅದನ್ನು ಹಿಡಿದಿರುವ ಎ-ಆಕಾರದ ತೋಳಿನ ಬುಡದಲ್ಲಿ ಬಿರುಕು, ಎಣ್ಣೆಯ ಜಿನುಗು ಇದೆಯೇ ಎಂದು ಬೆಳಕು ಹಾಕಿ ನೋಡಬೇಕು. ಅಲ್ಯೂಮಿನಿಯಂ ತಗಡಿನ ಮರೆಯಲ್ಲಿ ಉಕ್ಕಿನ ಕೊಳವೆ ತುಕ್ಕು ಹಿಡಿದಿರಬಹುದು. ಸ್ಟೀರಿಂಗ್ ಯಾವ ಬದಿಗಿದೆ ಎನ್ನುವುದಕ್ಕಿಂತ ಕಟ್ಟಿದವರ ಕೈಕೆಲಸ ಹೇಗಿದೆ ಎಂಬುದನ್ನು ನೀವು ಹೆಚ್ಚು ವಿಚಾರಿಸಬೇಕು.

ಟೋಲ್‌ಗೆ ಇ-ಝಡ್‌ಪಾಸ್ (ನಮ್ಮ ಫಾಸ್ಟ್ಯಾಗ್‌ನಂಥದ್ದು) ಇದ್ದರೆ ಸಾಕು. ವಾಹನ ನಿಲ್ದಾಣದಲ್ಲಿ ಎಡಗಡೆಗೆ ಬರುವ ಚೀಟಿಯಂತ್ರಕ್ಕೆ ನಾನು ಅಡುಗೆಮನೆಯ ಉದ್ದ ಇಕ್ಕಳ ಇಟ್ಟುಕೊಂಡಿದ್ದೇನೆ.

ಮಳೆಗೆ ಮೇಲುಹೊದಿಕೆ ಹಾಕಿದಾಗ ಮಾತ್ರ ಹೆದ್ದಾರಿಗೆ ಹೋಗಬೇಡಿ. ತೆರೆದ ಕಾರಿನಲ್ಲಿ ಎಡಭುಜದ ಮೇಲಿಂದ ಹಿಂದೆ ನೋಡಿ ಹೆದ್ದಾರಿಗೆ ಸೇರುವುದು ಸುಲಭ, ಮರೆಮಾಡುವ ಕಂಬವೇ ಇಲ್ಲ. ಹೊದಿಕೆ ಹಾಕಿದರೆ ಪಕ್ಕದ ಪ್ಲಾಸ್ಟಿಕ್ ಕಿಟಕಿ ಮಬ್ಬಾಗಿ ಏನೂ ಕಾಣುವುದಿಲ್ಲ. ನಾವು ನೆನೆಯುತ್ತೇವೆ, ಅಥವಾ ನಿಲ್ಲಿಸುತ್ತೇವೆ.

ಪೀಚ್ ನಾಡಿನವ

ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆ. ಎಡಸೀಟಿನವರ ಮಾತನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಹೆಂಡತಿ ಒಂದೇ ಷರತ್ತು ಹಾಕಿದ್ದಾಳೆ: ಮೊದಲು ಆ ಸೀಟಿನಲ್ಲಿ ಕೂತು ನೋಡಬೇಕು. ಇನ್ನೊಂದು ಪ್ರಶ್ನೆ: ಟೇಲ್ ಆಫ್ ದ ಡ್ರ್ಯಾಗನ್ ರಸ್ತೆಯಲ್ಲಿ ಓಡಿಸಿದ್ದೀರಾ?

ನೀಲಿಬೆಟ್ಟ

ಓಡಿಸಿದ್ದೇನೆ, ನಾಲ್ಕು ಸಲ. 11 ಮೈಲಿಯಲ್ಲಿ 318 ತಿರುವುಗಳು. ಅಲ್ಲಿ ದಾಟುವ ಮಾತೇ ಇಲ್ಲ, ಎಲ್ಲ ಕಡೆ ಜೋಡಿ ಹಳದಿ ಗೆರೆ. ಬಲತಿರುವುಗಳಲ್ಲಿ ನಾನು ಒಳಅಂಚಿನ ಪಕ್ಕದಲ್ಲೇ ಕೂತಿರುತ್ತೇನೆ, ಡಾಂಬರಿನ ಕೊನೆ ಎಲ್ಲಿ, ಜಲ್ಲಿ ಎಲ್ಲಿ ಎಂಬುದು ಬೆರಳಳತೆಯಲ್ಲಿ ಕಾಣುತ್ತದೆ. ಎಡತಿರುವುಗಳಲ್ಲಿ ಎಡಮಡ್‌ಗಾರ್ಡನ್ನು ನೋಡುತ್ತಾ ಗೆರೆಯಿಂದ ಒಂದು ಅಡಿ ದೂರ ಉಳಿಯುತ್ತೇನೆ. ಕೆಲವು ಬೈಕುಗಳು ಎದುರಿನಿಂದ ಗೆರೆ ದಾಟಿಯೇ ಬರುತ್ತವೆ. ಅವಕ್ಕೆ ಜಾಗ ಬೇಕು.

ಆದರೆ ನನಗೆ ಪ್ರಿಯವಾದದ್ದು ಬ್ಲೂ ರಿಡ್ಜ್ ಪಾರ್ಕ್‌ವೇ. ಗರಿಷ್ಠ ವೇಗ ಗಂಟೆಗೆ 45 ಮೈಲಿ, ಸರಕಿನ ಲಾರಿಗಳಿಗೆ ಪ್ರವೇಶವಿಲ್ಲ. ರಿಚ್‌ಲ್ಯಾಂಡ್ ಬಾಲ್ಸಮ್ ಬಳಿ ರಸ್ತೆ 6,053 ಅಡಿಗೆ ಏರುತ್ತದೆ. ಅಲ್ಲಿ ಗಾಳಿ ತೆಳುವಾಗಿ ವೆಬರ್‌ಗಳು ಹೆಚ್ಚು ಪೆಟ್ರೋಲ್ ಕುಡಿಯತೊಡಗುತ್ತವೆ, ಎಂಜಿನ್ ಸ್ವಲ್ಪ ಕೆಮ್ಮುತ್ತದೆ. ಕೆಳಗಿಳಿದರೆ ಸರಿಯಾಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಬಲಗಡೆಯ ಕಣಿವೆ ನನ್ನ ಮೊಣಕೈಯ ಕೆಳಗೇ ಇರುತ್ತದೆ.

ನಿಮ್ಮ ಮನೆಯವರನ್ನು ಕರೆದುಕೊಂಡು ಬನ್ನಿ. ಅಟ್ಲಾಂಟಾದಿಂದ ಮೂರೂವರೆ ಗಂಟೆಯ ದಾರಿ. ಅವರು ನಮ್ಮ ಕಾರಿನ ಎಡಸೀಟಿನಲ್ಲಿ ಕೂರಲಿ, ನಾನು ನಿಧಾನವಾಗಿ ಓಡಿಸುತ್ತೇನೆ. ಆಮೇಲೆ ನೀವು ಶಾಲೆಯ ನಿಲ್ದಾಣದಲ್ಲಿ ಓಡಿಸಿ. ಅಂಟುಪಟ್ಟಿ ನನ್ನ ಬಳಿ ಇದೆ.

ಎಡಸೀಟಿನವಳು

ದಪ್ಪ ಪ್ಯಾಂಟ್ ತರಲು ಹೇಳಿ. ಕೂದಲಿಗೆ ಕಟ್ಟಿಕೊಳ್ಳುವ ಬಟ್ಟೆ ನಾನು ಕೊಡುತ್ತೇನೆ. ಮಧ್ಯಾಹ್ನದ ಊಟ ನಮ್ಮಲ್ಲೇ.

ಪೀಚ್ ನಾಡಿನವ

ಬರುವ ಶನಿವಾರ ಬರುತ್ತೇವೆ. ಮಾರುವವರಿಗೆ ಎರಡು ವಾರ ಸಮಯ ಕೇಳಿ ಬರೆದಿದ್ದೇನೆ, ಒಪ್ಪಿದ್ದಾರೆ. ಆಕ್ಸಲ್ಲಿನ ಚಿತ್ರಗಳನ್ನು ನಾಳೆ ಕಳುಹಿಸುತ್ತಾರಂತೆ. ಬಂದ ಕೂಡಲೇ ಇಲ್ಲಿ ಹಾಕುತ್ತೇನೆ, ಸ್ಪ್ಯಾನರ್ ಪೆಟ್ಟಿಗೆಯವರೂ ನೋಡಬೇಕು.